ಕತ್ತಿಗೊಂದು ಹೊಸ ಹಿಡಿ

(ಮಹಿಳಾ ವೇದಿಕೆಯ ಕೈಕೆಲಸ ಮಾಲಿಕೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

 

ಈ ಮಾಲಿಕೆಯಲ್ಲಿ ಇದುವರೆಗೆ ಕಸೂತಿ ಆಯಿತು, ಕೌದಿ ಆಯಿತು, ಹಳೇ ಸೀರೆಯ ಚೀಲ ಆಯಿತು. ನನ್ನ ವಿಷಯವನ್ನು ಗ್ರೂಪಿನಲ್ಲಿ ಹಾಕಿದ ಕೂಡಲೇ ಇಬ್ಬರು ಫೋನ್ ಮಾಡಿ, "ಅಕ್ಕಾ, ಕ್ಷೌರದ ಕತ್ತಿ ಅಂತ ಬಂದಿದೆ, ಟೈಪ್ ತಪ್ಪಾಗಿರಬೇಕು ನೋಡಿ" ಎಂದರು. ತಪ್ಪೇನೂ ಆಗಿಲ್ಲ. ಗುಜರಿಗೆ ಹೋಗುವ ಪ್ಲಾಸ್ಟಿಕ್ ತುಂಡಿನಿಂದ ಕ್ಷೌರದ ಕತ್ತಿಗೆ ಹಿಡಿ ಮಾಡುವುದು ಹೇಗೆ ಎಂಬುದೇ ನನ್ನ ವಿಷಯ. ಕಳೆದ ಕೆಲವು ವರ್ಷಗಳಿಂದ ನಾನು ಮಾಡುತ್ತಿರುವ ಕೈಕೆಲಸ ಇದೇ.

ಮೊದಲು ವಸ್ತುವನ್ನು ನೋಡೋಣ. ಇಗೋ, ಇದನ್ನು ಕೈಯಿಂದ ಕೈಗೆ ಸಾಗಿಸಿ. ಅಂಚಿಗೆ ಟೇಪ್ ಸುತ್ತಿದ್ದೇನೆ, ಹೆದರಬೇಡಿ. ಇದು ಮಡಚುವ ಕತ್ತಿ. ಗುಜರಾತಿಯಲ್ಲಿ ಇದಕ್ಕೆ ಅಸ್ತ್ರೋ ಅನ್ನುತ್ತಾರೆ. ನಮ್ಮ ಕಡೆ ಹಜಾಮತಿ ಕತ್ತಿ, ಇಲ್ಲವೇ ಬರೀ ಕತ್ತಿ. ಉಕ್ಕಿನ ಅಲಗು ಒಂದು. ಅದನ್ನು ಎರಡೂ ಕಡೆಯಿಂದ ಅಪ್ಪಿಕೊಂಡಿರುವ ಎರಡು ತೆಳ್ಳನೆಯ ಪಟ್ಟಿಗಳೇ ಹಿಡಿ. ಒಂದೊಂದು ಪಟ್ಟಿ ಸುಮಾರು 15 ಸೆಂಟಿಮೀಟರ್ ಉದ್ದ, ಹೆಬ್ಬೆರಳಿನಷ್ಟು ಅಗಲ, ಎರಡೂವರೆಯಿಂದ ಮೂರು ಮಿಲಿಮೀಟರ್ ದಪ್ಪ. ಅಲಗು ತಿರುಗುವ ಕಡೆ ಒಂದು ಹಿತ್ತಾಳೆ ಪಿನ್, ಬಾಲದ ತುದಿಯಲ್ಲಿ ಇನ್ನೊಂದು ಪಿನ್. ಆ ಬಾಲದ ಪಿನ್ ಹತ್ತಿರ ಎರಡು ಪಟ್ಟಿಗಳ ನಡುವೆ ಬಾಗಿಲಿಗೆ ಇಡುವ ಬೆಣೆಯ ಹಾಗೆ ಒಂದು ಸಣ್ಣ ತುಂಡು ಇದೆ, ಕಂಡಿತೇ? ಹಿಡಿಯ ಜೀವ ಇರುವುದು ಅದರಲ್ಲಿ. ಅದರ ಇಳಿಜಾರು ಸರಿಯಾಗಿದ್ದರೆ ಮಡಚಿದಾಗ ಅಲಗು ಎರಡು ಪಟ್ಟಿಗಳ ಮಧ್ಯೆ ಯಾವುದಕ್ಕೂ ತಾಗದೆ ಕೂರುತ್ತದೆ. ತಾಗಿದರೆ ಎರಡು ನಷ್ಟ: ಹಿಡಿ ಗೀಚುತ್ತದೆ, ಕತ್ತಿಯ ಬಾಯಿ ಹೋಗುತ್ತದೆ.

ಹಿಡಿಯನ್ನು ಯಾವುದರಿಂದ ಮಾಡುತ್ತಿದ್ದರು? ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಊರುಗಳಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಹಳೆಯ ಕತ್ತಿಗಳಿಗೆ ಕೋಣದ ಕೊಂಬು, ಎಲುಬು, ಶ್ರೀಮಂತರದಾದರೆ ಆನೆಯ ದಂತ. ಹತ್ತೊಂಬತ್ತನೆಯ ಶತಮಾನದ ನಡುವಿಗೆ ದಂತ ದುಬಾರಿಯಾಯಿತು. ಬಿಲಿಯರ್ಡ್ಸ್ ಚೆಂಡಿಗೆ ದಂತದ ಬದಲು ಬೇರೆ ಏನಾದರೂ ಕಂಡುಹಿಡಿದವರಿಗೆ ಅಮೆರಿಕದ ಒಂದು ಕಂಪನಿ 10,000 ಡಾಲರ್ ಬಹುಮಾನ ಇಟ್ಟಿತು. ಆ ಹುಡುಕಾಟದಲ್ಲೇ 1869ರ ಹೊತ್ತಿಗೆ ಜಾನ್ ವೆಸ್ಲಿ ಹಯಾಟ್ ಎಂಬಾತ ಸೆಲ್ಯುಲಾಯ್ಡ್ ತಯಾರಿಸಿದ. ಹತ್ತಿಯ ನಾರಿಗೆ ಆಸಿಡ್ ಹಾಕಿ, ಅದಕ್ಕೆ ಕರ್ಪೂರ ಬೆರೆಸಿ ಮಾಡಿದ ಪ್ಲಾಸ್ಟಿಕ್ ಅದು. ಹೌದು, ನಾವು ಆರತಿಗೆ ಹಚ್ಚುವ ಕರ್ಪೂರವೇ. ಬಾಚಣಿಗೆ, ಗುಂಡಿ, ಗೊಂಬೆ, ಸಿನಿಮಾ ರೀಲು, ಕತ್ತಿಯ ಹಿಡಿ, ಎಲ್ಲ ಅದರಿಂದಲೇ ಆದವು. ದಂತದ ಹಾಗೆ ಕಾಣಲಿ ಎಂದು ಅದರೊಳಗೆ ಗೆರೆಗಳನ್ನೂ ಬರಿಸುತ್ತಿದ್ದರು. ಗುರುತಿಸುವುದು ಕಷ್ಟವಲ್ಲ: ನಕಲಿಯ ಗೆರೆಗಳು ಪಂಚೆಯ ಅಂಚಿನ ಹಾಗೆ ನೇರ, ಒಂದರ ಪಕ್ಕ ಒಂದು. ನಿಜವಾದ ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಗೆರೆಗಳು ಬಲೆಯ ಹಾಗೆ ಒಂದನ್ನೊಂದು ಹಾಯುತ್ತವೆ. ಇನ್ನೊಂದು ಉಪಾಯ, ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಗಿಗೆ ಹಿಡಿಯಿರಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಆಸ್ಪತ್ರೆಯ ಕಾರ್ಬಾಲಿಕ್ ವಾಸನೆ ಬಂದರೆ ಬೇಕಲೈಟ್.

ಸೆಲ್ಯುಲಾಯ್ಡ್‌ಗೆ ಒಂದು ಕೆಟ್ಟ ಗುಣ ಇದೆ. ವಯಸ್ಸಾದ ಮೇಲೆ ಅದು ಒಳಗಿಂದೊಳಗೇ ಕೊಳೆಯುತ್ತದೆ. ಕೊಳೆಯುವಾಗ ಆಸಿಡ್ ಹೊಗೆ ಬಿಡುತ್ತದೆ. ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಆ ಹೊಗೆ ಬೇರೆಲ್ಲಿಗೂ ಹೋಗಲಾರದೆ ಪಕ್ಕದ ಉಕ್ಕನ್ನೇ ತಿನ್ನುತ್ತದೆ. ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ ಕತ್ತಿಯೇ ಹೆಚ್ಚು ತುಕ್ಕು ಹಿಡಿಯುತ್ತದೆ, ಕಿಟಕಿಯಲ್ಲಿ ಅನಾಥವಾಗಿ ಬಿದ್ದಿದ್ದು ಚೆನ್ನಾಗಿ ಉಳಿಯುತ್ತದೆ. ಹಿಡಿ ಹಳದಿಯಾಗಿ, ಬಿರುಕು ಬಿಟ್ಟು, ಹುಳಿ ವಾಸನೆ ಬರುತ್ತಿದ್ದರೆ ಅದನ್ನು ಕತ್ತಿಯಿಂದ ಬೇರೆ ಮಾಡಲೇಬೇಕು. ಅದಕ್ಕೆ ಬೆಂಕಿ ಬಹಳ ಬೇಗ ಹತ್ತುತ್ತದೆ, ಆದ್ದರಿಂದ ದೇವರ ಮನೆಯ ದೀಪದ ಹತ್ತಿರವೂ ಬೇಡ, ಒಲೆಯ ಹತ್ತಿರವೂ ಬೇಡ.

ನನಗೆ ಇದೆಲ್ಲ ತಿಳಿದದ್ದು ನಮ್ಮ ಅಜ್ಜನ ಕತ್ತಿಯಿಂದ. ಅವ್ವನ ಟ್ರಂಕಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇತ್ತು. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಕಡೆಯ ನಮ್ಮ ಊರಿನ ಮನೆ ಖಾಲಿ ಮಾಡುವಾಗ ನನ್ನ ಪಾಲಿಗೆ ಬಂತು. ಅಲಗಿನ ಮೇಲೆ ಸೋಲಿಂಗೆನ್ ಎಂಬ ಮುದ್ರೆ, ಹಿಡಿ ಮಾತ್ರ ಮುಟ್ಟಿದರೆ ಉದುರುವ ಸ್ಥಿತಿ.

ನಾನು ಹಡಪದ ಮನೆಯ ಮಗಳು. ಇಪ್ಪತ್ತಾರು ವರ್ಷದಿಂದ ಈ ಸಂಘದಲ್ಲಿದ್ದೇನೆ, ರಾಜ್ಯೋತ್ಸವಕ್ಕೆ ಹೋಳಿಗೆ ತಟ್ಟಿದ್ದೇನೆ, ನಾಟಕದಲ್ಲಿ ಅತ್ತೆಯ ಪಾತ್ರ ಮಾಡಿದ್ದೇನೆ. ತವರಿನವರು ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ "ಅಂಗಡಿ ಇತ್ತು" ಎಂದಿದ್ದೇನೆ. ಅಂಗಡಿ ಇದ್ದದ್ದು ನಿಜವೇ, ಕ್ಷೌರದಂಗಡಿ. ಹಡಪ ಎಂದರೆ ಚೀಲ. ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣ ಬಸವಣ್ಣನವರಿಗೆ ತೀರ ಹತ್ತಿರದವರಾಗಿದ್ದರು, ಅವರ ಮಡದಿ ಲಿಂಗಮ್ಮ ತಾವೇ ವಚನಕಾರ್ತಿ. ಅಷ್ಟು ದೊಡ್ಡ ಹೆಸರು ಬೆನ್ನಿಗಿದ್ದರೂ ನಮ್ಮ ಕಸುಬಿನ ಹೆಸರು ಊರಲ್ಲಿ ಬೈಗುಳವಾಗಿಯೇ ಓಡಾಡುತ್ತದೆ. ಬೆಳಿಗ್ಗೆ ಎದುರು ಬಂದರೆ ಅಪಶಕುನ, ಮದುವೆಯಲ್ಲಿ ಮಾತ್ರ ಮೊದಲು ಬೇಕು. ಇಲ್ಲಿ ಗುಜರಾತಿನ ವಾಳಂದ್ ಸಮಾಜದವರ ಹತ್ತಿರ ಮಾತಾಡಿದಾಗಲೂ ಅದೇ ಕತೆ ಕೇಳಿದೆ, ಭಾಷೆ ಮಾತ್ರ ಬೇರೆ.

ಹೆಂಗಸರ ಸಭೆಯಲ್ಲಿ ಈ ಕತ್ತಿಯ ಮಾತೇಕೆ ಎಂದು ಕೇಳಿದವರಿಗೆ ಇನ್ನೊಂದು ಉತ್ತರವೂ ಇದೆ. ಈ ಕತ್ತಿ ಗಂಡಸರ ಗಲ್ಲಕ್ಕೆ ಮಾತ್ರ ತಾಗಿದ್ದಲ್ಲ. ಎಂ. ಕೆ. ಇಂದಿರಾ ಅವರ ಫಣಿಯಮ್ಮ ಓದಿದವರು ಇಲ್ಲಿ ಅನೇಕರಿದ್ದೀರಿ, 1983ರಲ್ಲಿ ಪ್ರೇಮಾ ಕಾರಂತರು ಮಾಡಿದ ಸಿನಿಮಾ ನೋಡಿದವರೂ ಇದ್ದೀರಿ. ಗಂಡ ಸತ್ತ ಹುಡುಗಿಯ ತಲೆ ಬೋಳಿಸುವ ಕೆಲಸಕ್ಕೆ ನಮ್ಮಂಥವರನ್ನೇ ಕರೆಯುತ್ತಿದ್ದರು, ಹಿತ್ತಲ ಬಾಗಿಲಿನಿಂದ. ನಮ್ಮ ಅಜ್ಜ ವಯಸ್ಸಿನಲ್ಲಿದ್ದಾಗ ಆ ಪದ್ಧತಿ ಕಡಿಮೆಯಾಗುತ್ತಾ ಬಂದಿತ್ತು, ಆದರೂ ಎರಡು ಮೂರು ಮನೆಗಳಿದ್ದವು. ಆ ಮನೆಗೆ ಹೋಗಿ ಬಂದ ದಿನ ಅಜ್ಜ ಸ್ನಾನ ಮಾಡಿ ಸುಮ್ಮನೆ ಜಗುಲಿಯ ಮೇಲೆ ಕೂರುತ್ತಿದ್ದರಂತೆ, ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲವಂತೆ. ಅವ್ವ ಹೇಳಿದ್ದು. ಬೇಡ ಅನ್ನಬಹುದಿತ್ತಲ್ಲ ಎಂದು ನಾನು ಕೇಳಿದ್ದೆ. "ವರ್ಷದ ಕಾಳು ಅವರ ಮನೆಯಿಂದಲೇ ಬರ್ತಿತ್ತು" ಎಂದಳು.

ಬೇಡ ಎಂದವರೂ ಇದ್ದರು. 1890ರಲ್ಲಿ ಮುಂಬೈಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ತೀರ್ಮಾನ ಮಾಡಿದರು. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರು, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಬಳಗದವರು, ಅದರ ಹಿಂದೆ ನಿಂತಿದ್ದರು. ವಿಧವೆಯರ ಪರವಾಗಿ ಪತ್ರಿಕೆಗಳಲ್ಲಿ ಬರೆದ ದೊಡ್ಡವರ ಹೆಸರು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಕತ್ತಿ ಕೆಳಗಿಟ್ಟವರ ವಿಷಯ ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು.

ಆ ಕತ್ತಿಯನ್ನು ನದಿಗೆ ಬಿಟ್ಟುಬಿಡು ಎಂದು ನಮ್ಮ ಅತ್ತೆಯವರು ಹೇಳಿದರು. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ನನಗೆ ಮನಸ್ಸಾಗಲಿಲ್ಲ. ಐದು ಮಕ್ಕಳ ಹೊಟ್ಟೆ ತುಂಬಿಸಿದ ಉಕ್ಕು ಅದು, ತಿನ್ನುತ್ತಿದ್ದದ್ದು ಹಿಡಿ ಮಾತ್ರ. ಹಿಡಿ ಬದಲಿಸೋಣ ಎಂದುಕೊಂಡೆ. ಬಜಾರಿನಲ್ಲಿ ವಿಚಾರಿಸಿದರೆ ಹೊಸ ಹಿಡಿ ಎಂಬ ಸಾಮಾನೇ ಇಲ್ಲ. ಈಗ ಎಲ್ಲ ಸಲೂನುಗಳಲ್ಲೂ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ, ಅದು ಇಡಿಯಾಗಿಯೇ ಅಗ್ಗಕ್ಕೆ ಸಿಗುತ್ತದೆ. ಹೀಗೆ ಕೆಲಸ ಶುರುವಾಯಿತು.

ಸಾಮಾನು ಎಲ್ಲಿ ಸಿಗುತ್ತದೆ? ನಮ್ಮ ಕನ್ನಡದಲ್ಲಿ ಗುಜರಿ ಎಂದರೆ ಹಳೇ ಸಾಮಾನು. ಅಹಮದಾಬಾದಿನಲ್ಲಿ ಎಲ್ಲಿಸ್ ಬ್ರಿಜ್ ಹತ್ತಿರ ಸಾಬರಮತಿ ದಂಡೆಯಲ್ಲಿ ಭಾನುವಾರ ಸೇರುವ ಸಂತೆಯ ಹೆಸರೇ ಗುಜರಿ ಬಜಾರ್. ನಮ್ಮೂರಿನ ಮಾತು ಅಲ್ಲಿ ಬೋರ್ಡಿನ ಮೇಲೆ ಕಂಡರೆ ಒಂದು ಖುಷಿ. ಅಲ್ಲಿ ಹಳೇ ಕತ್ತಿಗಳೂ ಸಿಗುತ್ತವೆ, ಮುರಿದ ಸ್ವಿಚ್ ಬೋರ್ಡುಗಳೂ ಸಿಗುತ್ತವೆ. ವಡೋದರಾದಲ್ಲಿ ನನಗೆ ಆಧಾರ ಬೋರ್ಡು ಬರೆಯುವ ಅಂಗಡಿಗಳು. ಅಕ್ಷರ ಕೊಯ್ದ ಮೇಲೆ ಉಳಿದ ಅಕ್ರಿಲಿಕ್ ಚೂರುಗಳನ್ನು ಗೋಣಿಯಲ್ಲಿ ತುಂಬಿಟ್ಟಿರುತ್ತಾರೆ, "ಬೆಹೆನ್, ಲಯಿ ಜಾವ್" ಎಂದು ಕೊಟ್ಟುಬಿಡುತ್ತಾರೆ. ಪ್ಲಾಸ್ಟಿಕ್ ಈ ಊರಿಗೆ ಹೊಸದಲ್ಲವಲ್ಲ. 1969ರಲ್ಲಿ ಐಪಿಸಿಎಲ್ ಸ್ಥಾಪನೆಯಾದ ಮೇಲೆ ಇಲ್ಲಿಗೆ ಬಂದ ಕನ್ನಡಿಗರು ಎಷ್ಟು ಮಂದಿ! ಈ ಸಭೆಯಲ್ಲೇ ಅರ್ಧ ಜನ ಆ ಸುತ್ತಿನ ಕಾರ್ಖಾನೆಗಳ ಸಂಬಳದಲ್ಲಿ ಮಕ್ಕಳನ್ನು ಓದಿಸಿದವರು. ಸೂರತ್‌ನಿಂದ ಗೆಳತಿಯರು ನೂಲಿನ ಬಾಬಿನ್ನು, ಸೀರೆ ಮಡಿಸುವ ಹಲಗೆ ಎಲ್ಲ ತಂದುಕೊಟ್ಟಿದ್ದಾರೆ. ಪ್ರೀತಿಯಿಂದ ತಂದದ್ದು, ಆದರೆ ಹಿಡಿಗೆ ಒದಗಲಿಲ್ಲ. ಯಾಕೆ ಎಂದು ಈಗ ಹೇಳುತ್ತೇನೆ.

ಪ್ಲಾಸ್ಟಿಕ್ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬಣ್ಣ ನೋಡಿ ಆರಿಸಬೇಡಿ. ಈ ಹಿಡಿ ಎಲ್ಲಿ ಬಾಳಬೇಕು ಎಂದು ಯೋಚಿಸಿ. ನೀರು, ಸೋಪು, ಬಿಸಿನೀರು, ಒದ್ದೆ ಕೈ, ಕೊನೆಗೆ ಸ್ಪಿರಿಟ್ಟು ಅಥವಾ ಡೆಟಾಲ್. ಇವಿಷ್ಟನ್ನೂ ತಡೆಯುವ ತುಂಡು ಬೇಕು.

ಮೊದಲ ಪರೀಕ್ಷೆ ಒಂದು ಬಕೆಟ್ ನೀರು. ತುಂಡನ್ನು ಅದರಲ್ಲಿ ಹಾಕಿ. ತೇಲಿದರೆ ಅದು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಜಾತಿ: ಬಿಳಿಯ ತರಕಾರಿ ಹೆಚ್ಚುವ ಹಲಗೆ, ಬಾಟಲಿ ಮುಚ್ಚಳ, ಡಬ್ಬಿ. ಹಿಡಿಗೆ ಬೇಡ. ಅದಕ್ಕೆ ಯಾವ ಅಂಟೂ ಹಿಡಿಯದು, ಪಟ್ಟಿ ತೆಳ್ಳಗಾದರೆ ಬಾಗುತ್ತದೆ, ಬಾಗಿದರೆ ಅಲಗಿಗೆ ತಾಗುತ್ತದೆ. ಅರ ಹಾಕಿದರೆ ಪುಡಿ ಉದುರುವ ಬದಲು ಕ್ಯಾರೆಟ್ ತುರಿಯ ಹಾಗೆ ಸುರುಳಿ ಏಳುತ್ತದೆ. ಆದರೆ ಬೆಣೆಗೆ ಅದು ಪರವಾಗಿಲ್ಲ.

ಮುಳುಗುವುದರಲ್ಲಿ ಸಿಡಿ ಡಬ್ಬಿಯ ಗಾಜಿನಂಥ ಪ್ಲಾಸ್ಟಿಕ್ ಒಂದು. ನೋಡಲು ಚಂದ, ಪಿನ್ನಿನ ಮೇಲೆ ಸುತ್ತಿಗೆಯ ಮೊದಲ ಏಟಿಗೇ ಚಟ್ ಎನ್ನುತ್ತದೆ. ಮೆಲಮೈನ್ ತಟ್ಟೆ ಗಟ್ಟಿ, ಆದರೆ ಸಮತಟ್ಟಾದ ಜಾಗ ಸಿಗುವುದು ಕಷ್ಟ. ಪಿವಿಸಿ ಪೈಪನ್ನು ಬಿಸಿ ಮಾಡಿ ಚಪ್ಪಟೆ ಮಾಡುವ ವಿಡಿಯೋಗಳು ಬಹಳ ಓಡಾಡುತ್ತಿವೆ. ದಯವಿಟ್ಟು ಅಡುಗೆಮನೆಯಲ್ಲಿ ಅದನ್ನು ಮಾಡಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ಎದೆಗೆ ಒಳ್ಳೆಯದಲ್ಲ.

ಅಕ್ರಿಲಿಕ್ ಎಲ್ಲರ ಕಣ್ಣಿಗೆ ಬೀಳುವುದು. ಮೂರು ಮಿಲಿಮೀಟರ್ ದಪ್ಪದ ಚೂರು ಪುಕ್ಕಟೆ ಸಿಗುತ್ತದೆ, ಹೊಳಪು ಬರುತ್ತದೆ, ಬೇಕಾದ ಬಣ್ಣ ಇದೆ. ಮನೆಯಲ್ಲಿ ಇಟ್ಟುಕೊಳ್ಳುವ, ಅಪರೂಪಕ್ಕೆ ಬಳಸುವ ಕತ್ತಿಗೆ ಧಾರಾಳವಾಗಿ ಬಳಸಿ. ಆದರೆ ಸ್ಪಿರಿಟ್ಟಿಗೆ ಅದು ಆಗುವುದಿಲ್ಲ. ಪಿನ್ನಿನ ಬಿಗಿ ಇರುವ ಜಾಗದಲ್ಲಿ ಸ್ಪಿರಿಟ್ಟು, ಆಫ್ಟರ್‌ಶೇವ್ ತಾಗುತ್ತಾ ಹೋದರೆ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಏಳುತ್ತವೆ, ಒಂದು ದಿನ ಕೈಯಲ್ಲೇ ಸೀಳುತ್ತದೆ. ಕೈಯಲ್ಲಿ ಕತ್ತಿ ಇರುವಾಗ ಹಿಡಿ ಸೀಳುವುದೆಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಯಾವುದು? ಹೈಲಂ ಶೀಟು. ಹಳೇ ಮನೆಗಳಲ್ಲಿ ಮರದ ಸ್ವಿಚ್ ಬೋರ್ಡಿನ ಮೇಲೆ ಮುಚ್ಚಳದ ಹಾಗೆ ಸ್ಕ್ರೂ ಹಾಕಿ ಕೂರಿಸಿದ ಹಾಳೆ ನೆನಪಿದೆಯೇ? ಮುಂದೆ ಕೆನೆ ಬಣ್ಣ ಅಥವಾ ಬಿಳಿ, ಹಿಂದೆ ಕಂದು. ಕಾಗದದ ಪದರಗಳನ್ನು ಬೇಕಲೈಟ್ ಜಾತಿಯ ರಾಳದಲ್ಲಿ ಅದ್ದಿ, ಬಿಸಿ ಮಾಡಿ ಒತ್ತಿ ಮಾಡಿದ್ದು. ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗುವುದಿಲ್ಲ. ಬಿಸಿನೀರಿಗೆ ಜಗ್ಗದು, ಸ್ಪಿರಿಟ್ಟಿಗೆ ಜಗ್ಗದು. ಅರಕ್ಕೆ ಮರದ ಹಾಗೆ ಒಗ್ಗುತ್ತದೆ. ಫ್ಲಾಟು ರಿಪೇರಿ ಮಾಡಿಸುವವರು ಇದನ್ನು ಕಿತ್ತು ಕಸದ ಬುಟ್ಟಿಗೆ ಹಾಕುತ್ತಾರೆ. ಅಂಚನ್ನು ಇಳಿಜಾರಾಗಿ ಉಜ್ಜಿದರೆ ಕಂದು ಪದರಗಳು ಗೆರೆಗೆರೆಯಾಗಿ ಕಾಣುತ್ತವೆ. ಪಾಲಿಶ್ ಆದ ಮೇಲೆ ಥೇಟ್ ಕೋಣದ ಕೊಂಬು. ಅಜ್ಜನ ಕತ್ತಿಗೆ ಈಗ ಇರುವುದು ಅದೇ, ನಮ್ಮ ಹಳೇ ಬಾಡಿಗೆ ಮನೆಯ ಹಜಾರದ ಸ್ವಿಚ್ ಬೋರ್ಡು!

ಒಂದು ಎಚ್ಚರ. ತೀರ ಹಳೆಯ ಬೂದು ಬಣ್ಣದ, ಸಿಮೆಂಟಿನಂತೆ ಕಾಣುವ ವಿದ್ಯುತ್ ಫಲಕ ಸಿಕ್ಕರೆ ಮುಟ್ಟಬೇಡಿ, ಆಸ್ಬೆಸ್ಟಾಸ್ ಇರಬಹುದು. ಹೈಲಂ ಪುಡಿಯೂ ಮೂಗಿಗೆ ಒಳ್ಳೆಯದಲ್ಲ. ನೀರು ಹಾಕಿಕೊಂಡೇ ಉಜ್ಜಬೇಕು, ಮಾಸ್ಕ್ ಇರಲಿ. ಕೊರೋನಾ ಕಾಲದ್ದು ಎಲ್ಲರ ಮನೆಯಲ್ಲೂ ಉಳಿದಿದೆಯಲ್ಲ.

ಇನ್ನು ಮಾಡುವ ಬಗೆ. ಅಲಗಿನ ಬಾಯಿಗೆ ದಪ್ಪ ಟೇಪ್ ಸುತ್ತಿ. ಕೆಲಸ ಮುಗಿಯುವವರೆಗೆ ಅದನ್ನು ತೆಗೆಯುವ ಹಾಗಿಲ್ಲ. ಹಳೇ ಪಿನ್ನಿನ ತಲೆಯನ್ನು ಅರದಿಂದ ಸವೆಸಿ, ಸಣ್ಣ ಮೊಳೆ ಇಟ್ಟು ತಟ್ಟಿ ಹೊರಗೆ ತಳ್ಳಿ. ಹಳೇ ಬೆಣೆ ಮೆತ್ತಗೆ, ಭಾರವಾಗಿ, ಬೂದು ಬಣ್ಣದ್ದಾಗಿದ್ದರೆ ಅದು ಸೀಸ. ಉಜ್ಜಬೇಡಿ, ಕೈ ತೊಳೆದುಕೊಳ್ಳಿ. ಹಳೇ ಹಿಡಿಯ ಆಕಾರವನ್ನು ರಟ್ಟಿನ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳಿ. ಹೊಲಿಗೆ ಬಲ್ಲವರಿಗೆ ಇದು ರವಿಕೆಯ ಅಳತೆ ತೆಗೆದಷ್ಟೇ ಸುಲಭ.

ಎರಡು ತುಂಡು ಹೈಲಂ ತೆಗೆದುಕೊಂಡು ನಡುವೆ ಎರಡು ಬದಿ ಅಂಟಿನ ಟೇಪ್ ಹಾಕಿ ಒಂದೇ ಹಲಗೆಯ ಹಾಗೆ ಮಾಡಿ. ಕೊಯ್ಯುವುದು, ತೂತು ಹಾಕುವುದು, ಅರ ಹಾಕುವುದು ಎಲ್ಲ ಒಟ್ಟಿಗೇ ಆಗಬೇಕು, ಆಗಲೇ ಎರಡೂ ಪಟ್ಟಿ ಅವಳಿಗಳಾಗುತ್ತವೆ. ಕೊಯ್ಯಲು ಕಬ್ಬಿಣ ಕೊಯ್ಯುವ ಹ್ಯಾಕ್‌ಸಾ ಸಾಕು. ಪಿನ್ನಿಗೆ ಒಂದೂವರೆ ಮಿಲಿಮೀಟರಿನ ಹಿತ್ತಾಳೆ ತಂತಿ. ತೂತು ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಲಿ. ಡ್ರಿಲ್ ನಿಧಾನ ಓಡಿಸಿ, ಕೆಳಗೆ ಮರದ ತುಂಡು ಕೊಡಿ, ಇಲ್ಲದಿದ್ದರೆ ಹಿಂಬದಿಯಲ್ಲಿ ಚಕ್ಕೆ ಏಳುತ್ತದೆ. ಅಕ್ರಿಲಿಕ್ ಆದರೆ ನಡುನಡುವೆ ನೀರು ಹನಿಸಬೇಕು, ಬಿಸಿಯಾದರೆ ಕರಗಿ ಡ್ರಿಲ್ಲಿಗೆ ಅಂಟಿಕೊಳ್ಳುತ್ತದೆ.

ಅರ ಹಾಕುವಾಗ ಅವಸರ ಬೇಡ. ಕೈಯಲ್ಲಿ ಹಿಡಿದು ನೋಡುತ್ತಾ ಹಾಕಿ. ನಡುವೆ ಸ್ವಲ್ಪ ತುಂಬಿಕೊಂಡು, ಎರಡೂ ತುದಿಗೆ ಇಳಿಯುವ ಆಕಾರ, ಬೆಂಡೆಕಾಯಿಯನ್ನು ಉದ್ದಕ್ಕೆ ಸೀಳಿದ ಹಾಗೆ. ಆಮೇಲೆ ವಾಟರ್ ಪೇಪರ್: 220, 400, 800, 1500. ಪ್ರತಿಯೊಂದರಲ್ಲೂ ಹಿಂದಿನದರ ಗೀಚು ಪೂರ್ತಿ ಹೋಗುವವರೆಗೆ ಉಜ್ಜಿ. ಇದೇ ಬೇಸರದ ಭಾಗ. ನಾನು ಧಾರಾವಾಹಿ ನೋಡುತ್ತಾ ಮಾಡುತ್ತೇನೆ, ಒಂದು ಕಂತಿಗೆ ಒಂದು ನಂಬರು. ಹೈಲಂನ ಅಂಚಿಗೆ ಒಂದು ಹನಿ ಫೆವಿಕ್ವಿಕ್ ಸವರಿ ಒಣಗಿಸಿ ಮತ್ತೆ ಉಜ್ಜಿದರೆ ಕಾಗದದ ಪದರಗಳ ಬಾಯಿ ಮುಚ್ಚಿ ನೀರು ಹೀರುವುದಿಲ್ಲ. ಕಿಟಕಿ ತೆರೆದು ಮಾಡಿ, ಕಣ್ಣು ಉರಿಯುತ್ತದೆ. ಕೊನೆಗೆ ಬ್ರಾಸೋ, ದೇವರ ಸಾಮಾನು ಬೆಳಗುವುದೇ.

ಜೋಡಿಸುವಾಗ ಮೊದಲು ಬಾಲದ ಪಿನ್ ಮತ್ತು ಬೆಣೆ. ಬೆಣೆ ಒಳಗಡೆ ಎರಡೂವರೆ ಮಿಲಿಮೀಟರ್, ಹೊರಗಡೆಗೆ ಇಳಿಯುತ್ತಾ ಒಂದು ಮಿಲಿಮೀಟರ್. ಹೀಗೆ ಇದ್ದರೆ ಬಿಗಿದಾಗ ಪಟ್ಟಿಗಳು ನಡುವಿನಲ್ಲಿ ಬಿಲ್ಲಿನ ಹಾಗೆ ತುಸು ಹೊರಗೆ ಬಾಗುತ್ತವೆ, ಅಲಗಿಗೆ ಜಾಗ ಆಗುತ್ತದೆ. ಪಿನ್ನನ್ನು ಪೂರ್ತಿ ಬಡಿಯುವ ಮೊದಲು ತಾತ್ಕಾಲಿಕವಾಗಿ ಸೇರಿಸಿ, ಮಡಚಿ, ಬೆಳಕಿಗೆ ಹಿಡಿದು ನೋಡಿ. ಅಲಗು ಎಡಕ್ಕೆ ವಾಲಿದರೆ ಬೆಣೆಯ ಒಂದು ಮುಖವನ್ನು ಎರಡು ಸಲ ಪೇಪರಿಗೆ ಉಜ್ಜಿ ಮತ್ತೆ ನೋಡಿ. ಒಮ್ಮೊಮ್ಮೆ ಇದಕ್ಕೇ ಒಂದು ಸಂಜೆ ಹೋಗುತ್ತದೆ. ಸರಿಯಾದ ಮೇಲೆ ಪಿನ್ನಿನ ಎರಡೂ ಬದಿಗೆ ಪುಟ್ಟ ಹಿತ್ತಾಳೆ ವಾಷರ್ ಹಾಕಿ, ಒಂದು ಮಿಲಿಮೀಟರ್ ಮಾತ್ರ ಹೊರಗೆ ಬಿಟ್ಟು ಕತ್ತರಿಸಿ, ಅಕ್ಕಸಾಲಿಗರ ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಬಡಿಯುವುದಲ್ಲ, ತಟ್ಟುವುದು. ಹತ್ತು ತಟ್ಟು, ತಿರುವಿ ಹಾಕಿ ಇನ್ನೊಂದು ಬದಿ ಹತ್ತು. ಕತ್ತಿಯನ್ನು ಬಿಚ್ಚಿ ಹಿಡಿದರೆ ಬಿಚ್ಚಿದಲ್ಲೇ ನಿಲ್ಲಬೇಕು, ಬೆರಳು ಸೋಕಿಸಿದರೆ ತಿರುಗಬೇಕು. ಅಷ್ಟು ಬಿಗಿ ಸಾಕು.

ಸೂರತ್‌ನವರು ಮುನಿಸಿಕೊಳ್ಳಬೇಡಿ, ನಿಮ್ಮ ಊರಿನಿಂದ ನಾನು ಕದ್ದ ವಿದ್ಯೆ ಒಂದಿದೆ. ಸಾದೇಲಿ. ಸೂರತ್‌ನ ಹಳೇ ಪೆಟ್ಟಿಗೆಗಳ ಮೇಲೆ ನಕ್ಷತ್ರದಂಥ ಸಣ್ಣ ಸಣ್ಣ ಚಿತ್ತಾರ ನೋಡಿರುತ್ತೀರಿ. ಬಿಡಿಸಿದ್ದಲ್ಲ, ಕೆತ್ತಿದ್ದೂ ಅಲ್ಲ. ಮರ, ಕೊಂಬು, ದಂತದ ತೆಳುವಾದ ಕಡ್ಡಿಗಳನ್ನು ಕಟ್ಟಾಗಿ ಅಂಟಿಸಿ, ಆ ಕಟ್ಟನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ಪ್ರತಿ ಬಿಲ್ಲೆಯಲ್ಲೂ ಅದೇ ನಕ್ಷೆ. ನಮ್ಮ ಸುರುಳಿ ಪೂರಿ, ಖಾಂಡ್ವಿ ಕೊಯ್ದ ಹಾಗೆ. ಬಣ್ಣಬಣ್ಣದ ಅಕ್ರಿಲಿಕ್ ಚೂರುಗಳನ್ನು ಹೀಗೆ ಅಂಟಿಸಿ ಅಡ್ಡ ಕೊಯ್ದರೆ ಬಾಲದ ತುದಿಗೆ ಒಂದು ಪುಟ್ಟ ಅಲಂಕಾರ ಸಿಗುತ್ತದೆ. ದಂತ ಹೋಗಿ ಪ್ಲಾಸ್ಟಿಕ್ ಬಂದದ್ದು ನಮ್ಮಲ್ಲೂ ಇದೆ: ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದಲ್ಲಿ ಆನೆಯ ದಂತ, ಚಂದ್ರನ ಬಿಳುಪು ಎಲ್ಲ ಈಗ ಪ್ಲಾಸ್ಟಿಕ್ಕೇ. ನನ್ನ ಮಟ್ಟಿಗೆ ಇದರಲ್ಲಿ ನಾಚಿಕೆ ಏನಿಲ್ಲ. ಆನೆ ಬದುಕಿದೆ. ಯಾರ ಮನೆಯಲ್ಲಾದರೂ ನಿಜವಾದ ದಂತದ ಹಿಡಿಯ ಕತ್ತಿ ಇದ್ದರೆ ಮಾರಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ನಂತರದ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರಕ್ಕೆ ನಿಷೇಧ ಇದೆ.

ಕ್ಷೌರದ ಕತ್ತಿ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಅಡಕೆಕತ್ತರಿ ಇರುತ್ತದೆ. ಕಚ್ಛಿನ ಪ್ರವಾಸ ಹೋದಾಗ ಅಂಜಾರಿನಲ್ಲಿ ಎಲ್ಲರೂ ಒಂದೊಂದು ಸೂಡಿ ಕೊಂಡಿರಲ್ಲ, ಅಲ್ಲಿನ ಚಾಕುಗಳ ಹಿಡಿ ಗಮನಿಸಿ. ಹಿತ್ತಾಳೆ, ಬಣ್ಣದ ಪ್ಲಾಸ್ಟಿಕ್ ಪಟ್ಟಿ ಪದರ ಪದರವಾಗಿ ಸೇರಿಸಿ ಪಿನ್ ಹೊಡೆದಿದ್ದಾರೆ. ನಾನು ಹೇಳಿದ ಕೆಲಸವೇ, ಅವರು ತಲೆಮಾರುಗಳಿಂದ ಬಲ್ಲವರು. ಹಿಡಿ ಕಳಚಿದ ಈಳಿಗೆ, ಅಲ್ಲಾಡುವ ಚಾಕು, ಮುರಿದ ಸೌಟಿನ ಹ್ಯಾಂಡಲ್ ಎಲ್ಲಕ್ಕೂ ಇದೇ ವಿಧಾನ. ಕತ್ತಿಯಷ್ಟು ನಾಜೂಕು ಬೇಕಿಲ್ಲ.

ನನ್ನ ಹತ್ತಿರ ಕತ್ತಿ ತರುವವರು ಎರಡು ಬಗೆ. ಹಳೇ ಕತ್ತಿಯಲ್ಲಿ ಸ್ವಂತ ಗಡ್ಡ ತೆಗೆಯುವ ಹವ್ಯಾಸದ ಹುಡುಗರು, ಹೆಚ್ಚಿನವರು ಕಂಪ್ಯೂಟರ್ ಕೆಲಸದವರು. ಇನ್ನೊಂದು, ಹಳೆಯ ಕ್ಷೌರಿಕರು. ನಮ್ಮ ಸೊಸೈಟಿಯ ಹತ್ತಿರದ ಕಾಕಾ ಒಬ್ಬರು ತಮ್ಮ ತಂದೆಯ ಕತ್ತಿ ತಂದಿದ್ದರು. ಗಿರಾಕಿಗಳಿಗೆ ಅವರು ಅದನ್ನು ಬಳಸುವುದಿಲ್ಲ, ಬಳಸಲೂ ಬಾರದು. ಎಚ್‌ಐವಿ, ಹೆಪಟೈಟಿಸ್ ಬಿ ಭಯ ಇರುವಾಗ ಒಬ್ಬರಿಗೆ ಒಂದು ಹೊಸ ಬ್ಲೇಡೇ ಸರಿ. ಅವರಿಗೆ ಬೇಕಾಗಿದ್ದದ್ದು ಅಂಗಡಿಯ ಕನ್ನಡಿಯ ಕೆಳಗೆ ಇಡಲು. ಹಿಡಿ ಕೊಟ್ಟಾಗ ಅವರು ಮಡಚಿ ಬಿಚ್ಚಿ ಮಡಚಿ, "ಬೇನ್, ತಮಾರಾ ಬಾಪಾನೋ ಧಂಧೋ ಶುಂ ಹತೋ?" ಎಂದು ಕೇಳಿದರು, ನಿಮ್ಮ ತಂದೆ ಏನು ಮಾಡುತ್ತಿದ್ದರು ಎಂದು. ಹೇಳಿದೆ. "ಹಾಥ್ ಪರಥೀ ಖಬರ್ ಪಡೇ" ಎಂದರು, ಕೈ ನೋಡಿದರೆ ಗೊತ್ತಾಗುತ್ತದೆ ಎಂದು. ಈ ಊರಿನಲ್ಲಿ ನಾನು ಮೊದಲು ಬಾಯಿಬಿಟ್ಟು ಹೇಳಿದ್ದು ಅವರ ಹತ್ತಿರ, ಇಂದು ನಿಮ್ಮ ಹತ್ತಿರ.

ದುಡ್ಡಿನ ವಿಷಯ ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ. ಒಂದು ಹಿಡಿಗೆ ನನಗೆ ತಂತಿ, ವಾಷರ್, ಪೇಪರ್ ಸೇರಿ 40 ರೂಪಾಯಿ ಖರ್ಚು. ಕೇಳುವುದು 500. ಮೊದಮೊದಲು ಕೆಲವರು "ಕಸದಿಂದ ಮಾಡಿದ್ದಕ್ಕೆ ಇಷ್ಟೇ?" ಎಂದು ಕೇಳಿದ್ದುಂಟು, ಕಡಿಮೆಯಾಯಿತು ಎಂದಲ್ಲ. ಕಸದ ಬೆಲೆ ಸೊನ್ನೆಯೇ ಇರಬಹುದು, ನನ್ನ ಮೂರು ಸಂಜೆಗಳದ್ದು ಸೊನ್ನೆ ಅಲ್ಲ. ಇಳಾ ಭಟ್ ಅವರು 1972ರಲ್ಲಿ ಅಹಮದಾಬಾದಿನಲ್ಲಿ ಸೇವಾ ಸಂಘಟನೆ ಕಟ್ಟಿದಾಗ ಹಿಡಿದದ್ದು ಇದೇ ಮಾತನ್ನಲ್ಲವೇ? ಮನೆಯಲ್ಲಿ ಕೂತು ಮಾಡಿದರೂ ಕೆಲಸ ಕೆಲಸವೇ. ಚಿಂದಿ ಆಯುವ ಹೆಂಗಸರೂ ಆ ಸಂಘದಲ್ಲಿದ್ದಾರೆ. ನನಗೆ ಹೈಲಂ ತಂದುಕೊಡುವ ಹೆಣ್ಣುಮಗಳಿಗೆ ನಾನು ಗುಜರಿಯವನ ತೂಕದ ದರ ಕೊಡುವುದಿಲ್ಲ, ಹಾಳೆಗೆ ಇಷ್ಟು ಎಂದು ಕೊಡುತ್ತೇನೆ. ಈಗ ಅವಳೇ ಒಡೆಯದ ಹಾಳೆ ಆರಿಸಿ ಬೇರೆ ಇಡುತ್ತಾಳೆ. ದಪ್ಪ ಯಾವುದು, ತೆಳು ಯಾವುದು ಎಂದು ನನಗಿಂತ ಬೇಗ ಹೇಳುತ್ತಾಳೆ.

ಮುಂದಿನ ತಿಂಗಳ ಎರಡನೇ ಭಾನುವಾರ ನಮ್ಮ ಮನೆಯಲ್ಲಿ ಕೂತು ಮಾಡೋಣ ಎಂದುಕೊಂಡಿದ್ದೇನೆ. ಏಳೆಂಟು ಜನಕ್ಕೆ ಜಾಗ ಇದೆ. ಬರುವವರು ಅಲ್ಲಾಡುವ ಚಾಕು ಒಂದು, ಹಳೇ ಸ್ವಿಚ್ ಬೋರ್ಡಿನ ಹಾಳೆ ಇದ್ದರೆ ಅದನ್ನು, ಜೊತೆಗೆ ಒಂದು ಹಳೇ ಟವೆಲು ತನ್ನಿ. ಸುತ್ತಿಗೆ, ಅರ ನನ್ನ ಹತ್ತಿರ ಇವೆ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿರುತ್ತೇನೆ. ಈಗ ಸುತ್ತಿಗೆ ಕಳಿಸಿದ ಕತ್ತಿ ಯಾರ ಹತ್ತಿರ ಇದೆ? ಹಿಂದಿನ ಸಾಲಿನವರಿಗೂ ಕೊಡಿ. ಪ್ರಶ್ನೆಗಳಿದ್ದರೆ ಕೇಳಿ.